ಭಟ್ಟಿಯೊಳಗಿನ ಬಿಲ್ಲೆಗಳು

ಮಸ್ಕಿ ನಡುವೆ. ಒಂದು ಕಡೆ ಲಿಂಗಸುಗೂರು, ಇನ್ನೊಂದು ಕಡೆ ಸಿಂಧನೂರು. ಮಸ್ಕಿಯಲ್ಲಿ ಮನೆಯಿದ್ದ ಭುವನೇಶ್ವರಿಯ ಬದುಕೂ ಹಾಗೆಯೇ ಎರಡು ಬಸ್ಸುಗಳ ನಡುವೆ ಹಂಚಿಹೋಗಿತ್ತು. ಸೋಮವಾರದಿಂದ ಶನಿವಾರದವರೆಗೆ ಎಂಟರ ಬಸ್ಸು ಹತ್ತಿ ಲಿಂಗಸುಗೂರಿನ ಡಿಗ್ರಿ ಕಾಲೇಜಿಗೆ ಹೋಗಿ ರಸಾಯನಶಾಸ್ತ್ರದ ಪಾಠ ಹೇಳುತ್ತಿದ್ದಳು. ಭಾನುವಾರ ಅದೇ ಹೊತ್ತಿಗೆ ರಸ್ತೆ ದಾಟಿ ನಿಂತು, ಎದುರು ದಿಕ್ಕಿನ ಬಸ್ಸು ಹಿಡಿದು ಸಿಂಧನೂರಿನ ಅಕ್ಕಿ ಗಿರಣಿಗೆ ಹೋಗುತ್ತಿದ್ದಳು. ಕಂಡಕ್ಟರುಗಳಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಒಂದು ಭಾನುವಾರ ತಪ್ಪಿಸಿದರೆ ಮುಂದಿನ ವಾರ ಮೈಯಲ್ಲಿ ಹುಷಾರಿರಲಿಲ್ಲವೇನು ಎಂದು ವಿಚಾರಿಸುತ್ತಿದ್ದರು.

ಗಿರಣಿಗೆ ಹೋಗಿ ಏನು ಓದುತ್ತಿದ್ದಳು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಬಹುದು, ತುಕ್ಕು. ಮಳೆಗೆ ನೆನೆದ ಬಕೆಟ್ಟಿಗೆ ಹಿಡಿಯುವ ಕೆಂಪು ತುಕ್ಕಲ್ಲ. ಆರುನೂರು, ಏಳುನೂರು ಡಿಗ್ರಿ ಕಾವಿನಲ್ಲಿ, ಒಂದು ಹನಿ ನೀರೂ ಇಲ್ಲದ ಜಾಗದಲ್ಲಿ, ಹೊಗೆಬೂದಿಗಳೇ ಕಬ್ಬಿಣವನ್ನು ತಿಂದುಹಾಕುತ್ತವಲ್ಲ, ಆ ಕಾವಿನ ತುಕ್ಕು. ಅತ್ತೆ ಪಾರ್ವತೆಮ್ಮ ಇದನ್ನೆಲ್ಲ ಒಮ್ಮೆ ಕೂತು ಪೂರ್ತಿ ಕೇಳಿದ್ದಳು. ಕೇಳಿಯಾದ ಮೇಲೆ, ನಮ್ಮ ರೊಟ್ಟಿ ಹಂಚಿಗೂ ಅದೇ ಜಡ್ಡು ಹತ್ತಿರಬೇಕು, ಮೊದಲು ಅದನ್ನೊಂದಿಷ್ಟು ತಿಕ್ಕಿ ನೋಡು ಎಂದಿದ್ದಳು. ಹಾಗೆಂದವಳೇ ಭಾನುವಾರ ಬೆಳಿಗ್ಗೆ ಸೊಸೆಗಿಂತ ಮೊದಲು ಎದ್ದು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಡುತ್ತಿದ್ದಳು.

ಆ ಓದಿನ ಕೊನೆಗೆ ಭುವನೇಶ್ವರಿಗೆ ಸಿಗಬೇಕಾಗಿದ್ದದ್ದು ಪಿಎಚ್‌ಡಿ. ಪಿಎಚ್‌ಡಿ ಎಂಬುದು ನಮ್ಮ ಕಡೆ ಹೇಗೆಲ್ಲ ಆಗುತ್ತದೆಂದು ಬರೆಯಹೋದರೆ ಈ ಬರಹ ಇವತ್ತಿಗೆ ಮುಗಿಯುವುದಿಲ್ಲ. ಆಕೆಯ ಕಾಲೇಜಿನಲ್ಲೇ ಕುರ್ಚಿ ಬಿಟ್ಟು ಅಲ್ಲಾಡದೆ ಡಾಕ್ಟರಾದವರು ಮೂವರಿದ್ದರು. ಅವರ ನಡುವೆ ಈಕೆ ಬರೀ ಮೇಡಂ. ಮೂವತ್ತಾರನೆಯ ವಯಸ್ಸಿನಲ್ಲಿ, ಮಗಳು ಐಶ್ವರ್ಯಳನ್ನು ಶಾಲೆಗೆ ಹಚ್ಚಿದ ಮೇಲೆ ಹೆಸರು ನೋಂದಾಯಿಸಿದ್ದಳು. ತನಗೆ ಅದು ಅಷ್ಟೇನೂ ಬೇಕಿಲ್ಲವೆಂದು ಜನರ ಮುಂದೆ ಹೇಳುತ್ತಿದ್ದಳು. ಬೇಕಿತ್ತು, ಬಹಳ ಬೇಕಿತ್ತು.

ಈ ವಿಷಯ ಆಕೆಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಗುಜರಿ ಅಂಗಡಿಯಲ್ಲಿ. ಗಂಡ ಅನಿಲಕುಮಾರನ ಹಳೆಯ ಸ್ಕೂಟರ್ ಮಾರಲೆಂದು ಇಬ್ಬರೂ ಸಿಂಧನೂರಿನ ಹಾಜಿಸಾಬರ ಅಂಗಡಿಗೆ ಹೋಗಿದ್ದರು. ಗಂಡಸರು ವ್ಯವಹಾರ ಮಾಡುವಷ್ಟರಲ್ಲಿ ಈಕೆ ಅಂಗಳದಲ್ಲಿ ರಾಶಿ ಬಿದ್ದಿದ್ದ ಕೊಳವೆಗಳನ್ನು ನೋಡುತ್ತ ನಿಂತಳು. ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟನ್ನು ಉರಿಸಿ, ಆ ಕಾವನ್ನು ಕಬ್ಬಿಣದ ಕೊಳವೆಗಳ ಮೂಲಕ ಹಾಯಿಸಿ ಭತ್ತ ಒಣಗಿಸುತ್ತಾರೆ. ಆ ಕೊಳವೆಗಳವು. ಅರ್ಧ ಬೆರಳು ದಪ್ಪವಿದ್ದದ್ದು ಹಪ್ಪಳದಷ್ಟಾಗಿ, ಕೈ ಹಚ್ಚಿದರೆ ಪದರಪದರವಾಗಿ ಉದುರುತ್ತಿತ್ತು. ಇದು ನೀರಿಗೆ ಹಿಡಿಯುವ ಜಂಗು ಅಲ್ಲ, ಇದನ್ನು ಬೆಂಕಿಯೊಳಗೇ ಯಾರೋ ತಿಂದಿದ್ದಾರೆ, ಯಾರೆಂದು ನಲವತ್ತು ವರ್ಷದಿಂದ ನನಗೂ ತಿಳಿದಿಲ್ಲ ಎಂದರು ಹಾಜಿಸಾಬರು. ಆಕೆ ಒಂದು ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ತಿನ್ನುವವರು ಯಾರೆಂದು ಪುಸ್ತಕಗಳಿಗೆ ಗೊತ್ತಿತ್ತು. ಹೊಟ್ಟು ಉರಿದಾಗ ಅದರೊಳಗಿನ ಉಪ್ಪಿನಂಶ ಆವಿಯಾಗಿ ಕೊಳವೆಯ ಮೇಲೆ ಕೂರುತ್ತದೆ. ಅದರಲ್ಲಿನ ಕ್ಲೋರಿನ್ನು ಕಬ್ಬಿಣದ ಒಳಪದರಕ್ಕಿಳಿದು, ಒಂದಿಷ್ಟು ಕಬ್ಬಿಣವನ್ನು ಹೊತ್ತು ಹೊರಗೆ ತಂದು ಬಿಟ್ಟು, ಮತ್ತೆ ಬರಿಗೈಯಲ್ಲಿ ಒಳಗೆ ಹೋಗುತ್ತದೆ. ಅಡತಿಯ ದಲ್ಲಾಳಿಯಂತೆ ಎಂದು ಭುವನೇಶ್ವರಿ ಕಾಲೇಜಿನ ಮಕ್ಕಳಿಗೆ ಹೇಳುತ್ತಿದ್ದಳು, ತಾನು ಏನನ್ನೂ ಇಟ್ಟುಕೊಳ್ಳುವುದಿಲ್ಲ, ಮಾಲು ಮಾತ್ರ ಖಾಲಿ. ಪುಸ್ತಕಗಳಿಗೆ ಗೊತ್ತಿಲ್ಲದ್ದು ನಮ್ಮ ಕಾಲುವೆ ಸೀಮೆಯ ಹೊಟ್ಟು. ಕಾಲುವೆಯ ಮೇಲ್ಭಾಗದ ಹೊಲಗಳೇ ಬೇರೆ, ನೀರು ಹರಿದು ನಿಂತು ಮಣ್ಣು ಉಪ್ಪಾಗಿರುವ ಕೊನೆಭಾಗದ ಹೊಲಗಳೇ ಬೇರೆ. ರೈತರು ಅದನ್ನು ಟೇಲೆಂಡ್ ಎನ್ನುತ್ತಾರೆ. ಆ ಉಪ್ಪು ಭತ್ತಕ್ಕೇರಿ, ಹೊಟ್ಟಿಗೇರಿ, ಕೊನೆಗೆ ಕಬ್ಬಿಣಕ್ಕೂ ತಟ್ಟುತ್ತದೆಯೇ ಎಂಬುದು ಆಕೆಯ ಪ್ರಶ್ನೆಯಾಯಿತು.

ಎರಡು ಗಿರಣಿ ಆರಿಸಿಕೊಂಡಳು. ಒಂದು ಆರ್.ಎಚ್. ಕ್ಯಾಂಪ್ ಎಂಬ ಊರಿನದು, ಅಲ್ಲಿಗೆ ಬರುವುದು ಒಳ್ಳೆಯ ಹೊಲಗಳ ಭತ್ತ. ಇನ್ನೊಂದು ದಢೇಸುಗೂರು ರಸ್ತೆಯಲ್ಲಿದ್ದ ವೀರೇಶನ ಗಿರಣಿ, ಅಲ್ಲಿಗೆ ಹೆಚ್ಚಾಗಿ ಟೇಲೆಂಡಿನದು. ಎರಡೂ ಕಡೆ ಹೊಟ್ಟು ಉರಿಸುವ ಭಟ್ಟಿಯ ಗೋಡೆಯಲ್ಲಿ ಅಂಗೈಯಗಲದ ಕಿಂಡಿ ಕೊರೆಸಿ, ಅದಕ್ಕೊಂದು ಕಬ್ಬಿಣದ ಮುಚ್ಚಳ ಹಾಕಿಸಿ, ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಉಕ್ಕಿನ ಬಿಲ್ಲೆಗಳನ್ನು ತಂತಿಗೆ ಪೋಣಿಸಿ ತೂಗುಬಿಡುತ್ತಿದ್ದಳು. ಹದಿನಾಲ್ಕು ದಿನ ಬಿಟ್ಟು ತೆಗೆಯುವುದು, ಕಾಲೇಜಿನ ತಕ್ಕಡಿಯಲ್ಲಿ ತೂಗುವುದು, ಆಮೇಲೆ ಕಲಬುರಗಿಯ ವಿಶ್ವವಿದ್ಯಾಲಯಕ್ಕೆ ಒಯ್ದು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಆರು ವರ್ಷ ಇದನ್ನೇ ಮಾಡಿದಳು. ಕೇಳಲು ಬೇಸರ ಬರಬಹುದು. ಆಕೆಗೆ ಒಂದು ದಿನವೂ ಬರಲಿಲ್ಲ.

ವೀರೇಶನ ಗಿರಣಿಯಲ್ಲಿ ಭಟ್ಟಿ ನೋಡುತ್ತಿದ್ದವನು ಮುದುಕಪ್ಪ. ಅರವತ್ತರ ಆಸುಪಾಸಿನ, ಹುಬ್ಬು ಸುಟ್ಟು ಬೋಳಾದ, ಮಾತು ಕಡಿಮೆಯ ಮನುಷ್ಯ. ಮೋಟರು ತಾನೇ ಹೊಟ್ಟು ಊದುವ ಭಟ್ಟಿ ಅದು, ಅದರ ಬಾಯಿ ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಆದರೂ ಮುಂಗೈಯನ್ನು ಗೋಡೆಯ ಹತ್ತಿರ ಹಿಡಿದು ಇವತ್ತು ಆರುನೂರೈವತ್ತು ಎಂದರೆ, ಭುವನೇಶ್ವರಿಯ ಮೀಟರು ಅದಕ್ಕೆ ಹತ್ತಿಪ್ಪತ್ತು ಆಚೀಚೆ ತೋರಿಸುತ್ತಿತ್ತು. ಮೊದಲ ದಿನವೇ ಆಕೆ ಆತನಿಗೆ ಒಂದೇ ಒಂದು ಮಾತು ಹೇಳಿದ್ದಳು, ಬಿಲ್ಲೆ ಮುಟ್ಟಬೇಡಿ. ಆತ ಮುಟ್ಟಲಿಲ್ಲ. ಆಕೆ ಬರುವ ಹೊತ್ತಿಗೆ ಕಿಂಡಿಯ ಸುತ್ತ ಕಸ ಹೊಡೆದು, ಕೂರಲು ಒಂದು ಗೋಣಿಚೀಲ ಹಾಸಿರುತ್ತಿದ್ದ. ಕ್ಯಾಂಪಿನ ಭಟ್ಟಿಯವನಾದರೋ ಮೊಬೈಲಿನಿಂದ ತಲೆಯೆತ್ತಿ ಬಿಲ್ಲೆಗಳ ಕಡೆ ನೋಡಿದವನೇ ಅಲ್ಲ. ತನ್ನ ಕೆಲಸಕ್ಕೆ ಮುದುಕಪ್ಪನಂಥವನು ಸಿಕ್ಕಿದ್ದು ಪುಣ್ಯ, ಕ್ಯಾಂಪಿನ ಲೆಕ್ಕ ಮಾತ್ರ ಸ್ವಲ್ಪ ಅನುಮಾನ ಎಂದು ಆಕೆ ಡೈರಿಯಲ್ಲಿ ಬರೆದುಕೊಂಡಿದ್ದಳು.

ಫಲಿತಾಂಶ ಬಂದಾಗ ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವೀರೇಶನ ಗಿರಣಿಯ ಬಿಲ್ಲೆಗಳು ಕ್ಯಾಂಪಿನವಕ್ಕಿಂತ ಮೂರು ಪಟ್ಟು ಸವೆದಿದ್ದವು. ಮೇಲೆ ಕೂತ ಬೂದಿಯಲ್ಲಿ ಸೋಡಿಯಂ ಇತ್ತು, ಕ್ಲೋರಿನ್ ಇತ್ತು, ಎರಡೂ ಧಾರಾಳವಾಗಿ. ಉಪ್ಪು ನೆಲದ ಉಪ್ಪೇ ಇದು, ಇನ್ನೇನು ಬೇಕು. ಒಂದೇ ಒಂದು ಕಡೆ ಎಳೆ ಹೊಂದುತ್ತಿರಲಿಲ್ಲ. ಹೊಟ್ಟನ್ನೇ ನೇರವಾಗಿ ಪರೀಕ್ಷಿಸಿದಾಗ ಅದರಲ್ಲಿ ಅಷ್ಟೊಂದು ಉಪ್ಪು ಕಂಡಿರಲಿಲ್ಲ. ಸುಗ್ಗಿಯಿಂದ ಸುಗ್ಗಿಗೆ ವ್ಯತ್ಯಾಸ ಇರುತ್ತದೆ ಎಂದು ಒಂದು ಸಾಲು ಬರೆದು ಮುಂದೆ ಹೋದಳು. ಬೇಕೆಂದು ಮುಚ್ಚಿಟ್ಟದ್ದಲ್ಲ. ಖುಷಿಯಲ್ಲಿದ್ದವರು ಕಾಲಿಗೆ ಚುಚ್ಚಿದ ಸಣ್ಣ ಮುಳ್ಳನ್ನು ಆಮೇಲೆ ತೆಗೆದರಾಯಿತು ಅನ್ನುತ್ತಾರಲ್ಲ, ಹಾಗೆ.

ಈ ಫಲಿತಾಂಶದ ಲೇಖನ ಹೊರದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದನ್ನು ಜಗತ್ತಿನಲ್ಲಿ ಎಷ್ಟು ಮಂದಿ ಓದಿದರೋ ಗೊತ್ತಿಲ್ಲ. ಆದರೆ ಜಿಲ್ಲೆಯ ಪತ್ರಿಕೆಯಲ್ಲಿ ಆಕೆಯ ಫೋಟೊದೊಂದಿಗೆ ಬಂದ ನಾಲ್ಕು ಸಾಲಿನ ಸುದ್ದಿಯನ್ನು ಸಿಂಧನೂರಿನ ಗಿರಣಿಯವರೆಲ್ಲ ಓದಿದರು. ಟೇಲೆಂಡಿನ ಭತ್ತದ ಹೊಟ್ಟು ಕಬ್ಬಿಣ ತಿನ್ನುತ್ತದೆ ಎಂಬುದಷ್ಟೇ ಅವರಿಗೆ ಅರ್ಥವಾದದ್ದು. ಮುಂದಿನ ಸುಗ್ಗಿಗೆ ವೀರೇಶ ಅಲ್ಲಿಯ ಭತ್ತವನ್ನು ಬೇರೆ ರಾಶಿ ಹಾಕಿಸಿ, ಬೇಕಾದರೆ ಕಡಿಮೆಗೆ ಕೊಡಿ, ಇಲ್ಲವಾದರೆ ವಾಪಸು ಒಯ್ಯಿರಿ ಎನ್ನತೊಡಗಿದ. ಉಳಿದವರೂ ಅದನ್ನೇ ಹಿಡಿದರು. ಹೀಗಂತೆ ಎಂದು ಯಾರೋ ಭುವನೇಶ್ವರಿಗೆ ಹೇಳಿದಾಗ ಆಕೆಗೆ ಕೆಟ್ಟದೆನಿಸಿತು. ಆದರೆ ನಿಜವನ್ನು ನಿಜವೆಂದು ಹೇಳದೆ ಏನು ಮಾಡಲಿ ಎಂದು ಸಮಾಧಾನ ಮಾಡಿಕೊಂಡಳು.

ಮಹಾಪ್ರಬಂಧ ಒಪ್ಪಿಸಿಯಾಯಿತು. ಕೊರೋನಾ ಕಾಲದ ವಿನಾಯಿತಿ ಎಲ್ಲ ಸೇರಿ ವಿಶ್ವವಿದ್ಯಾಲಯ ಕೊಟ್ಟಿದ್ದ ಗಡುವು ಅಲ್ಲಿಗೆ ಮುಗಿದಿತ್ತು. ಉಳಿದದ್ದು ಕೊನೆಯ ಮೌಖಿಕ ಪರೀಕ್ಷೆ, ಅದಕ್ಕೆ ಐದು ವಾರ. ಆ ಖುಷಿಯಲ್ಲೇ ಪೇಢೆ ಪೊಟ್ಟಣ ಹಿಡಿದು, ವಿಷಯ ಕೊಟ್ಟ ಹಾಜಿಸಾಬರಿಗೆ ಮೊದಲು ಕೊಡಬೇಕೆಂದು ಗುಜರಿ ಅಂಗಡಿಗೆ ಹೋದಳು. ಅವರು ಪೇಢೆ ಬಾಯಿಗೆ ಹಾಕಿಕೊಂಡು, ಪತ್ರಿಕೆಯ ತುಣುಕನ್ನು ಓದಿಸಿಕೊಂಡರು.

"ನಾ ಅನಪಡ್, ಓದಲಾರದ ಮನಿಷಾ, ತಪ್ಪು ತಿಳೀಬ್ಯಾಡ ಬೇಟಿ," ಎಂದರು. "ವೀರೇಶಪ್ಪನ ಪೈಪು ನನ್ನ ದುಕಾನಿಗೆ ಎರಡು ವರ್ಷಕ್ಕೊಮ್ಮಿ ಬರ್ತಾವ. ಕ್ಯಾಂಪಿನವೂ ಎರಡು ವರ್ಷಕ್ಕ ಬರ್ತಾವ. ನೀ ಬರದಂಗ ಮೂರು ಪಟ್ಟು ಇದ್ದಿದ್ರ ಅವನವು ಎಂಟು ತಿಂಗಳಿಗೇ ಬರಬೇಕಾಗಿತ್ತಲ್ಲ."

ಭುವನೇಶ್ವರಿಗೆ ಸಿಟ್ಟು ಬಂತು. ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ, ಬಂತು ಮಾತ್ರ ನಿಜ. ಬಸ್ಸಿನಲ್ಲಿ ಕೂತ ಮೇಲೆ ಒಂದೊಂದೇ ಸಮಜಾಯಿಷಿ ಹುಡುಕಿದಳು. ಕೊಳವೆಯ ದಪ್ಪ ಬೇರೆ ಇರಬಹುದು, ಹಾಜಿಸಾಬರ ನೆನಪು ತಪ್ಪಿರಬಹುದು. ಮಸ್ಕಿ ಬರುವಷ್ಟರಲ್ಲಿ ಸಮಜಾಯಿಷಿಗಳೆಲ್ಲ ಮುಗಿದು, ಹೊಟ್ಟಿನಲ್ಲಿ ಕಾಣದ ಉಪ್ಪು ಬಿಲ್ಲೆಗೆ ಎಲ್ಲಿಂದ ಬಂತು ಎಂಬ ಹಳೆಯ ಮುಳ್ಳೊಂದೇ ಉಳಿಯಿತು.

ಆ ವಾರ ಶುಕ್ರವಾರ ಕಾಲೇಜಿಗೆ ರಜೆ ಬಂತು. ಭಾನುವಾರದವರೆಗೆ ತಡೆಯಲಾರದೆ ಸಿಂಧನೂರು ಬಸ್ಸು ಹಿಡಿದಳು. ಮಟಮಟ ಮಧ್ಯಾಹ್ನ. ಭಟ್ಟಿಯ ಹಿಂಬದಿಗೆ ಬಂದಾಗ ಮುದುಕಪ್ಪ ಚಪ್ಪಲಿ ಕಳಚಿ, ತಲೆಯ ವಲ್ಲಿಬಟ್ಟೆ ತೆಗೆದು ಸೊಂಟಕ್ಕೆ ಸುತ್ತಿ, ಆಕೆಯ ಕಿಂಡಿಯ ಮುಂದೆ ನಿಂತಿದ್ದ. ಬಲಗೈ ಮುಷ್ಟಿ ಬಿಗಿದಿತ್ತು. ಆ ಮುಷ್ಟಿಯನ್ನು ಕಿಂಡಿಗೆ ಮೂರು ಸಲ ಸುತ್ತಿ ಇಳಿಸಿದ. ಹೋದವರ ಕಣ್ಣು, ಬಂದವರ ಕಣ್ಣು, ಓದಿದವರ ಕಣ್ಣು, ಓದದವರ ಕಣ್ಣು ಎಂದು ಗುಣಗುಣಿಸಿದ. ಮುಚ್ಚಳ ಸರಿಸಿ, ಮುಷ್ಟಿಯಲ್ಲಿದ್ದದ್ದನ್ನು ಒಳಗೆಸೆದ. ಕಲ್ಲುಪ್ಪು ಕಾದ ಇಟ್ಟಿಗೆಗೆ ಬಿದ್ದು ಚಟಚಟನೆ ಸಿಡಿಯಿತು. ನೇರ ಮೇಲೆ, ಇನ್ನೂ ತೆಗೆಯದೆ ಬಿಟ್ಟಿದ್ದ ಕೊನೆಯ ಸರದಿಯ ಬಿಲ್ಲೆಗಳು ತೂಗುತ್ತಿದ್ದವು.

ಒಂದು ಗಳಿಗೆ ಆಕೆಗೆ ಎದೆ ತುಂಬಿಬಂದದ್ದು ಸುಳ್ಳಲ್ಲ. ಚಿಕ್ಕವಳಿದ್ದಾಗ ಜ್ವರ ಬಂದರೆ ಅವ್ವ ಹೀಗೆಯೇ ದೃಷ್ಟಿ ತೆಗೆದು ಒಲೆಗೆ ಉಪ್ಪು ಹಾಕುತ್ತಿದ್ದಳು, ಎಷ್ಟು ಜೋರಾಗಿ ಸಿಡಿದರೆ ಅಷ್ಟು ದೃಷ್ಟಿ ಹೋಯಿತೆಂದು ಲೆಕ್ಕ. ಮರುಗಳಿಗೆಯಲ್ಲಿ ಆ ಚಟಚಟ ಸದ್ದು ಏನೆಂದು ಆಕೆಯೊಳಗಿನ ರಸಾಯನಶಾಸ್ತ್ರದವಳಿಗೆ ತಿಳಿಯಿತು. ಉಪ್ಪು ಒಡೆದು, ಪುಡಿಯಾಗಿ, ಮೇಲೆ ಹಾರಿ, ಉಕ್ಕಿಗೆ ಹತ್ತುವ ಸದ್ದು ಅದು. ಆಕೆ ಅಲ್ಲೇ ಇದ್ದ ಹೊಟ್ಟಿನ ಚೀಲದ ಮೇಲೆ ಕೂತುಬಿಟ್ಟಳು.

ಮುದುಕಪ್ಪ ತಿರುಗಿ ನೋಡಿ ನಾಚಿದ. ಮೊದಲ ವರ್ಷದಿಂದಲೂ ಮಾಡುತ್ತಿದ್ದನಂತೆ. ಬಿಲ್ಲೆ ಹಾಕಿದ ದಿನ ಒಂದು ಸಲ, ಆಮೇಲೆ ಪ್ರತಿ ಮಂಗಳವಾರ, ಶುಕ್ರವಾರ. ಒಬ್ಬಾಕೆ ಹೆಣ್ಣುಮಗಳು ಇಷ್ಟು ಗಂಡಸರ ನಡುವೆ ಬಂದು ಹೋಗುತ್ತಾಳೆ, ಎಲ್ಲರ ಕಣ್ಣೂ ಆಕೆಯ ಕೆಲಸದ ಮೇಲೆಯೇ, ಅದಕ್ಕೆ ಎಂದ. ಭಟ್ಟಿಯಲ್ಲಿ ಉಪ್ಪು ಹಾಕಲು ಬಾಯಿ ಇದ್ದದ್ದು ಆ ಕಿಂಡಿಯೊಂದೇ. ಬಿಲ್ಲೆ ಮಾತ್ರ ಒಂದು ಸಲವೂ ಮುಟ್ಟಿಲ್ಲ ಎಂದು ಆಣೆ ಮಾಡಿದ. ಅದು ನಿಜವೆಂದು ಆಕೆಗೆ ಗೊತ್ತಿತ್ತು. ಆತ ಯಾವಾಗಲೂ ತರಿಸಿಕೊಡುವ ಚಹಾ ಕುಡಿದು ಬಂದಳು.

ಆಕೆಯ ಪಿಎಚ್‌ಡಿ ಗೈಡ್ ಸಿದ್ದಲಿಂಗೇಶರು ಕೆಟ್ಟವರಲ್ಲ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ದಣಿದ ಮನುಷ್ಯ. ಫೋನಿನಲ್ಲಿ ಎಲ್ಲ ಕೇಳಿಕೊಂಡು, ಒಂದು ಹಿಡಿ ಉಪ್ಪಿಗೆ ಎಂಟು ವರ್ಷ ಸುಡುತ್ತೀಯಾ ಎಂದು ಕೇಳಿದರು. ಪರೀಕ್ಷಕರು ಬರುವುದು ಚೆನ್ನೈಯಿಂದ, ಅವರು ಸಿಂಧನೂರಿನ ಭಟ್ಟಿ ನೋಡುವುದಿಲ್ಲ. ಈಗ ಈ ಬಿಲ್ಲೆಗಳ ನಾಲ್ಕನೆಯ ಅಧ್ಯಾಯ ಹಿಂದಕ್ಕೆ ತೆಗೆದರೆ ಪ್ರಬಂಧವೇ ನಿಲ್ಲುವುದಿಲ್ಲ, ಹೊಸದಾಗಿ ಮಾಡಲು ಗಡುವಿಲ್ಲ. ಮೌಖಿಕ ಮುಗಿಸು, ಆಮೇಲೆ ನಿಧಾನವಾಗಿ ಇನ್ನೊಂದು ಲೇಖನ ಬರೆದು ಸರಿಪಡಿಸು. ಹೇಳಿದ್ದರಲ್ಲಿ ಒಂದು ಮಾತೂ ಹುಚ್ಚುಮಾತಲ್ಲ, ಅದೇ ಕಷ್ಟ.

ಎಂಟು ದಿನ ಭುವನೇಶ್ವರಿ ಆ ಮಾತಿನ ನೆರಳಿನಲ್ಲೇ ಇದ್ದಳು. ಆಕೆಯನ್ನು ದೇವತೆ ಮಾಡಿ ಬರೆಯುವ ಆಸೆ ನನಗಿಲ್ಲ. ಸುಮ್ಮನಿದ್ದುಬಿಡೋಣ ಎಂದು ಮೂರು ಸಲ ನಿರ್ಧರಿಸಿದ್ದಳು, ಮೌಖಿಕಕ್ಕೆ ಉಡಲು ಸೀರೆಯನ್ನೂ ಎತ್ತಿಟ್ಟಿದ್ದಳು. ಉಪ್ಪು ಒಂದು ಚಿಟಿಕೆಯಷ್ಟೇ ಇದ್ದರೆ ಅದರಿಂದ ಏನೂ ಆಗಿರಲಿಕ್ಕಿಲ್ಲ ಎಂಬ ಆಸೆಯೊಂದು ಉಳಿದಿತ್ತು. ಅಷ್ಟನ್ನು ನೋಡಿಯೇ ಬಿಡುತ್ತೇನೆಂದು, ಭಾನುವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಗಿರಣಿಗೆ ಹೋದಳು.

ಮುದುಕಪ್ಪನಿಗೆ, ಯಾವಾಗಲೂ ತೆಗೆದುಕೊಳ್ಳುವಷ್ಟೇ ಉಪ್ಪು ತೆಗೆದುಕೊಂಡು ಈ ತಟ್ಟೆಗೆ ಹಾಕಿ ಎಂದಳು. ಆತ ಹಾಕಿದ. ಅರವತ್ತೆರಡು ಗ್ರಾಂ. ಇನ್ನೊಂದು ಸಲ ಎಂದಳು, ಐವತ್ತೊಂಬತ್ತು. ಹತ್ತು ಸಲ ಹಾಕಿಸಿದಳು. ಭಟ್ಟಿ ಕೆಲಸದವನ ಅಗಲ ಕೈ, ಒಮ್ಮೆಯೂ ಐವತ್ತೈದರ ಕೆಳಗಿಳಿಯಲಿಲ್ಲ. ಒಂದು ಸರದಿಯ ಹದಿನಾಲ್ಕು ದಿನಕ್ಕೆ ಐದು ಹಿಡಿ, ಕಾಲು ಕಿಲೋಗೂ ಮಿಕ್ಕಿ ಉಪ್ಪು, ಬಿಲ್ಲೆಯಿಂದ ಒಂದು ಗೇಣು ಕೆಳಗೆ. ಆಕೆ ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ಓದು ಬರಹ ಬಾರದ ಮುದುಕಪ್ಪ ತಕ್ಕಡಿಯ ಅಂಕಿ ನೋಡಲಿಲ್ಲ, ಆಕೆಯ ಮುಖ ನೋಡಿದ.

"ನಾ ಕೆಡಿಸಿದ್ನೇನ್ರಿ ಯವ್ವಾ?" ಎಂದ.

ಇಲ್ಲ ಎನ್ನಲು ಬಾಯಿ ತೆರೆದಿದ್ದಳು. ಹೌದು ಎಂದಳು. ಬಿಲ್ಲೆ ಸವೆದದ್ದು ಹೊಟ್ಟಿನಿಂದಲ್ಲ, ಈ ಉಪ್ಪಿನಿಂದ, ಟೇಲೆಂಡಿನ ಭತ್ತದ ತಪ್ಪು ಏನೂ ಇರಲಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದಳು.

ಮುದುಕಪ್ಪ ಅಂಗೈಗೆ ಹತ್ತಿದ್ದ ಉಪ್ಪನ್ನು ವಲ್ಲಿಗೆ ಒರೆಸಿಕೊಂಡ. ಬಹಳ ಹೊತ್ತು ಒರೆಸಿದ. ಆಮೇಲೆ ಕೇಳಿದ್ದು ಒಂದೇ, ಹಾಗಾದರೆ ಆ ಭತ್ತ ಮೊದಲಿನ ಹಾಗೆ ಎಲ್ಲರ ರಾಶಿಗೇ ಹಾಕಬಹುದೇನು ಎಂದು. ಹಾಕಬಹುದು ಎಂದಳು ಆಕೆ, ಯಾಕೆ ಕೇಳುತ್ತೀರಿ ಎಂದಳು.

"ನಮ್ಮ ಎರಡೂವರಿ ಎಕರೆ ಅಲ್ಲೇ ಐತ್ರಿ, ಟೇಲೆಂಡಿಗೆ," ಎಂದ. "ಎರಡು ಸುಗ್ಗಿ ಆತು, ನಮ್ಮ ಚೀಲ ಈ ಗೇಟಿನಾಗಿಂದ ಹೊಳ್ಳಿ ಹೊಂಟಾವ. ನಿಮ್ಮ ಓದಿಂದಾಗೆ ಹೊಳ್ಳಿಸ್ಯಾರ ಅಂತ ನಿಮಗ ಹೆಂಗ ಹೇಳ್ಲಿ. ಮಗಳು ಓದ್ಯಾಳ, ಖರೇನೇ ಬರದಿರ್ತಾಳ ಅಂದು ಸುಮ್ನಾದ್ನಿ."

ಎರಡು ಸುಗ್ಗಿ. ಆ ಎರಡೂ ಸುಗ್ಗಿಯಲ್ಲಿ ಭಾನುವಾರದ ಗೋಣಿಚೀಲ ತಪ್ಪಿರಲಿಲ್ಲ, ಚಹಾ ತಪ್ಪಿರಲಿಲ್ಲ, ಮಂಗಳವಾರ ಶುಕ್ರವಾರದ ಉಪ್ಪೂ ತಪ್ಪಿರಲಿಲ್ಲ. ತನ್ನ ಭತ್ತವನ್ನು ಗೇಟಿನಿಂದ ಹೊರಗೆ ಕಳಿಸಿದ ಓದಿಗೆ ಕೆಟ್ಟ ಕಣ್ಣು ತಾಗದಿರಲಿ ಎಂದು ಆತ ಹೇಳಿಕೊಳ್ಳುತ್ತಲೇ ಇದ್ದ. ಆಕೆಗೆ ಅಲ್ಲಿ ಅಳು ಬರಲಿಲ್ಲ. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಗೆ ಬಂದು ಕಂಪ್ಯೂಟರ್ ತೆರೆದು ಮೂರು ಪತ್ರ ಬರೆದಳು. ಒಂದು ವಿಶ್ವವಿದ್ಯಾಲಯಕ್ಕೆ, ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು. ಒಂದು ಹೊರದೇಶದ ಪತ್ರಿಕೆಗೆ, ಲೇಖನ ರದ್ದುಮಾಡಿ ಎಂದು. ಒಂದು ಜಿಲ್ಲೆಯ ಪತ್ರಿಕೆಗೆ.

ಪಾರ್ವತೆಮ್ಮನಿಗೆ ಹೇಳುವುದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಎಂದುಕೊಂಡಿದ್ದಳು. ಅತ್ತೆ ಪೂರ್ತಿ ಕೇಳಿದಳು. ಓದು ಹೋದರೆ ಹೋಯಿತು, ಆ ಮನುಷ್ಯನ ಭತ್ತದ ಗತಿ ಏನಾಯಿತು ಎಂದು ಕೇಳಿದಳು. ಮರುದಿನ ಅನಿಲಕುಮಾರ ತನ್ನ ಅಂಗಡಿಗೆ ಬೀಗ ಹಾಕಿ ಹೆಂಡತಿಯ ಜೊತೆ ವೀರೇಶನ ಗಿರಣಿಗೆ ಬಂದ. ವೀರೇಶ ಮೊದಲು ನಕ್ಕ, ನಿನ್ನೆ ಉಪ್ಪಿದೆ ಎಂದವರು ಇಂದು ಇಲ್ಲ ಎಂದರೆ ಯಾವುದನ್ನು ನಂಬಲಿ ಎಂದ. ನ್ಯಾಯವಾದ ಮಾತೇ. ಭುವನೇಶ್ವರಿ, ಆತ ಕಡಿಮೆಗೆ ಕೊಂಡಿದ್ದ ಟೇಲೆಂಡಿನ ಭತ್ತದ ಹೊಟ್ಟನ್ನೇ ಭಟ್ಟಿಗೆ ಬಿಡಿಸಿ, ಆತನ ಎದುರೇ ಹೊಸ ಬಿಲ್ಲೆ ತೂಗುಬಿಟ್ಟಳು. ಮುದುಕಪ್ಪ ಹದಿನಾಲ್ಕು ದಿನ ಉಪ್ಪು ಹಾಕಲಿಲ್ಲ. ತೆಗೆದು ತೂಗಿದರೆ ಕ್ಯಾಂಪಿನ ಬಿಲ್ಲೆಗೂ ಇದಕ್ಕೂ ಕೂದಲೆಳೆಯಷ್ಟೂ ಫರಕಿರಲಿಲ್ಲ. ಇಷ್ಟಾದರೂ ವೀರೇಶ ನಂಬಿದ್ದು ಹಾಜಿಸಾಬರು ಬಂದು ಪೈಪಿನ ಲೆಕ್ಕ ಹೇಳಿದ ಮೇಲೆಯೇ. ಆ ಸುಗ್ಗಿಗೆ ಟೇಲೆಂಡಿನ ಚೀಲಗಳು ಎಲ್ಲರ ರಾಶಿಗೆ ಬಿದ್ದವು.

ವಿಶ್ವವಿದ್ಯಾಲಯದ ಉತ್ತರ ಎರಡು ಸಾಲಿನದು. ಪ್ರಬಂಧ ಹಿಂದಕ್ಕೆ ಪಡೆದದ್ದರಿಂದ ನೋಂದಣಿ ಮುಗಿದಿದೆ, ಬೇಕಾದರೆ ಹೊಸದಾಗಿ ಅರ್ಜಿ ಹಾಕಬಹುದು. ಭುವನೇಶ್ವರಿಗೆ ಆಗ ನಲವತ್ತೈದು ತುಂಬಿತ್ತು. ಕಾಲೇಜಿನ ಮೂವರು ಡಾಕ್ಟರುಗಳು ಬಹಳ ಕನಿಕರದಿಂದ ಮಾತಾಡಿಸಿದರು, ಆ ಕನಿಕರಕ್ಕಿಂತ ಬೈಗುಳ ವಾಸಿಯಿತ್ತು.

ತಿಂಗಳುಗಳಾದ ಮೇಲೆ ಹೊರದೇಶದ ಪತ್ರಿಕೆ ಲೇಖನ ರದ್ದುಮಾಡಿ, ಅದಕ್ಕೆ ಆಕೆ ಬರೆದುಕೊಟ್ಟ ಕಾರಣವನ್ನು ಅಚ್ಚುಮಾಡಿತು. ಅದನ್ನು ಕಾಗದದ ಮೇಲೆ ತೆಗೆಸಿ, ಭಾನುವಾರ ಗಿರಣಿಗೆ ಒಯ್ದು, ಮುದುಕಪ್ಪನಿಗೆ ಕನ್ನಡದಲ್ಲಿ ಹೇಳುತ್ತ ಓದಿದಳು. ಭಟ್ಟಿಯೊಳಗೆ ಹೊರಗಿನ ಉಪ್ಪು ಬೀಳುತ್ತಿತ್ತು. ಅದು ಆ ಕೆಲಸದವರ ರೂಢಿ. ರೂಢಿಯನ್ನು ವಿಚಾರಿಸದೆ ಪ್ರಯೋಗ ನಡೆಸಿದ್ದು ಲೇಖಕಿಯ ತಪ್ಪು. ಆತ ಕುಕ್ಕರಗಾಲಿನಲ್ಲಿ ಕೂತು ಕೇಳಿದ. ಮುಗಿದ ಮೇಲೆ ಆತನ ಮುಖ ಗಂಟಾಗಿತ್ತು.

"ಉಪ್ಪು ಹಾಕಿದಾವ ನಾನು," ಎಂದ. "ನನ್ನ ಹೆಸರು ಎಲ್ಲೂ ಬರ್ಲಿಲ್ಲ. ತಪ್ಪು ನಿಮ್ದು ಅಂತ ಯಾಕ ಬರದೀರಿ?"

"ಆರು ವರ್ಷ ಇಲ್ಲಿಗೆ ಬಂದೀನಿ ಮುದುಕಪ್ಪ. ಬಿಲ್ಲೆ ಮುಟ್ಟಬ್ಯಾಡ್ರಿ ಅಂತ ಹೇಳ್ದೆ. ನಾ ಹೋದ ಮ್ಯಾಲ ಇಲ್ಲಿ ನೀವೇನು ಮಾಡ್ತೀರಿ ಅಂತ ಒಂದಿನಾನೂ ಕೇಳ್ಲಿಲ್ಲ."

ಮುದುಕಪ್ಪ ಭಟ್ಟಿಯ ಕಡೆ ನೋಡಿದ, ಆಕೆಯ ಕಡೆ ನೋಡಿದ. ಸಮಾಧಾನ ಹೇಳುವವನಲ್ಲ ಆತ. ಎದ್ದು, ಮೂಲೆಯಲ್ಲಿದ್ದ ಗೋಣಿಚೀಲ ತಂದು ಝಾಡಿಸಿ ಹಾಸಿದ.

"ಹಂಗಾರ ಈಗ ಕೇಳ್ರಿ," ಎಂದ.

ಭುವನೇಶ್ವರಿ ಕೂತಳು. ಆಮೇಲೆ, ಬೆಳಿಗ್ಗೆ ಬಂದವರು ಮೊದಲು ಏನು ಮಾಡುತ್ತೀರಿ ಎಂದು ಕೇಳಿದಳು. ಮುದುಕಪ್ಪ ಬೂದಿ ಎಳೆಯುವುದರಿಂದ ಶುರುಮಾಡಿದ. ಬೂದಿಯ ಬಣ್ಣ ಯಾವತ್ತು ಬಿಳಿ, ಯಾವತ್ತು ಕಪ್ಪು, ಕಪ್ಪಾದ ದಿನ ತಾನು ಗಾಳಿಯನ್ನು ಎಷ್ಟು ಬಿಡುತ್ತೇನೆ, ಮಳೆಗಾಲದ ಹಸಿ ಹೊಟ್ಟಿಗೆ ಏನು ಬೆರೆಸುತ್ತೇನೆ, ಗೋಡೆ ತೊಳೆಯಲು ಯಾವ ಬಾವಿಯ ನೀರು ತರುತ್ತೇನೆ. ಮಾತು ಕಡಿಮೆಯವನೆಂದು ಆಕೆ ತಿಳಿದಿದ್ದ ಮನುಷ್ಯ ಊಟದ ಹೊತ್ತು ಮೀರಿದರೂ ನಿಲ್ಲಿಸಲಿಲ್ಲ. ಆಕೆ ಚೀಲದಿಂದ ನೋಟುಬುಕ್ಕು ತೆಗೆದು, ಅದರ ಮೊದಲ ಹಾಳೆಯಿಂದ ಬರೆದುಕೊಳ್ಳತೊಡಗಿದಳು.